ಓದಿನ ಮೂಲೆಗೆ ತಂದ ಅಕ್ಷರದಾಟದ ಪೆಟ್ಟಿಗೆ: ಯಾವುದು ಓದು ಕಲಿಸಿತು, ಯಾವುದು ಬರೀ ಆಟವಾಯಿತು

ಮಕ್ಕಳು ನಗುನಗುತ್ತಾ ಆಡುತ್ತಿದ್ದರು ಎನ್ನುವುದು ಓದಿನ ಆಟವೊಂದಕ್ಕೆ ಸಲ್ಲುವ ಅತ್ಯಂತ ಅಗ್ಗದ ಹೊಗಳಿಕೆ. ಬಲೂನು ಕೊಟ್ಟರೂ ಅವರು ನಗುತ್ತಾರೆ. ಒಂದನೆಯ, ಎರಡನೆಯ ತರಗತಿಗೆ ಪಾಠ ಮಾಡುವ ನನಗೆ ಬೇಕಾದದ್ದು ಬೇರೆ. ಆಟಕ್ಕೆ ಕೂರುವಾಗ ಓದಲು ಬಾರದಿದ್ದ ಪದವೊಂದನ್ನು ಮಗು ಏಳುವಾಗ ಓದಬೇಕು. ಈ ವರ್ಷ ತರಗತಿಗೆ ತರಿಸಿದ ಅಕ್ಷರದಾಟದ ದೊಡ್ಡ ಪೆಟ್ಟಿಗೆಯನ್ನು ನಾನು ಅಳೆದದ್ದು ಈ ಒಂದೇ ಅಳತೆಯಿಂದ. ಹಾಗೆ ಅಳೆದರೆ ಅದರ ಎರಡು ಆಟಗಳಿಗೆ ಕೈಮುಗಿಯಬೇಕು, ಒಂದೆರಡನ್ನು ತಿದ್ದಿಕೊಂಡು ಬಳಸಬಹುದು, ಉಳಿದವು ಕಪಾಟಿನಲ್ಲೇ ಇದ್ದರೆ ಯಾರಿಗೂ ನಷ್ಟವಿಲ್ಲ.

ತಯಾರಕರ ಹೆಸರು ಬರೆಯುತ್ತಿಲ್ಲ. ಹೆಚ್ಚು ಕಡಿಮೆ ಇದೇ ಸಾಮಾನುಗಳಿರುವ ಪೆಟ್ಟಿಗೆಗಳು ಬೇರೆ ಬೇರೆ ಹಣೆಪಟ್ಟಿಯೊಂದಿಗೆ ಬರುತ್ತಿವೆ. ಮುಚ್ಚಳದ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಒಳಗೆ ಏನಿದೆ ಎಂದು ನೋಡಿ ಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಳಗಿರುವುದು ಇಷ್ಟು: ಉಜ್ಜುಕಾಗದದ ಅಕ್ಷರಗಳು, ಚಿತ್ರ ಮತ್ತು ಪದ ಜೋಡಿಸುವ ಕಾರ್ಡುಗಳು, ಪದಸರಣಿಯ ಡಾಮಿನೊ, ಬಿಂಗೊ ಹಾಳೆಗಳು, ಗುಂಡಿಗಳನ್ನು ಸರಿಸುವ ಸದ್ದಿನ ಚೌಕಗಳು, ಕಾಗುಣಿತದ ಪಾರದರ್ಶಕ ಹಾಳೆಗಳು, ಒಂದು ಮರಳು ಗಡಿಯಾರ, ತರಗತಿಯನ್ನು ಐದು ಮೂಲೆಗಳಾಗಿ ಹಂಚಿಕೊಳ್ಳುವುದು ಹೇಗೆಂದು ಹೇಳುವ ಕೈಪಿಡಿ.

ಕಾಗುಣಿತದ ಹಾಳೆಗಳಿಂದಲೇ ಶುರುಮಾಡುತ್ತೇನೆ, ಏಕೆಂದರೆ ಪೆಟ್ಟಿಗೆಯ ಬೆಲೆಯೆಲ್ಲ ಇರುವುದು ಅದರಲ್ಲಿ. ಕನ್ನಡದಲ್ಲಿ ಪದ ಕಟ್ಟುವ ಆಟ ಮಾಡಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಲೆಕ್ಕದ್ದು. ಇಂಗ್ಲಿಷಿನಲ್ಲಿ 26 ಅಕ್ಷರಗಳ ಬಿಲ್ಲೆಗಳಿದ್ದರೆ ಯಾವ ಪದವನ್ನಾದರೂ ಜೋಡಿಸಬಹುದು. ನಮ್ಮಲ್ಲಿ 34 ವ್ಯಂಜನಗಳು, 13 ಸ್ವರಗಳು. ಗುಣಿಸಿದರೆ 442. ಒತ್ತಕ್ಷರಗಳನ್ನು ಇನ್ನೂ ಎಣಿಸಿಯೇ ಇಲ್ಲ. ಅಷ್ಟು ಬಿಲ್ಲೆಗಳನ್ನು ನೆಲದ ಮೇಲೆ ಹರಡಿದರೆ ಮಗು ಹುಡುಕುವುದರಲ್ಲೇ ಸುಸ್ತಾಗುತ್ತದೆ. ಹೀಗಾಗಿ ಹೆಚ್ಚಿನ ತಯಾರಕರು ಮೂಲಾಕ್ಷರಗಳನ್ನಷ್ಟೇ ಅಚ್ಚು ಹಾಕಿ, ಮರ, ಸರ, ಗರಗಸ ಎಂದು ಆಡಿಸಿ ಕೈತೊಳೆದುಕೊಳ್ಳುತ್ತಾರೆ. ಗುಡಿಸು, ಕೊಂಬು ಬಂದ ಕೂಡಲೇ ಆಟ ನಿಂತು ಕಾಪಿಪುಸ್ತಕ ಶುರುವಾಗುತ್ತದೆ.

ಈ ಪೆಟ್ಟಿಗೆಯವರು ಆ ಗಂಟನ್ನು ಚೆನ್ನಾಗಿ ಬಿಡಿಸಿದ್ದಾರೆ. ವ್ಯಂಜನದ ಬಿಲ್ಲೆಗಳಲ್ಲಿ ತಲಕಟ್ಟು ಇಲ್ಲ, ಬೋಳು ಅಕ್ಷರ ಮಾತ್ರ. ತಲಕಟ್ಟು, ಇಳಿ, ಗುಡಿಸು, ಕೊಂಬು, ಎತ್ವ, ದೀರ್ಘ ಇವೆಲ್ಲ ಕೆಂಪು ಬಣ್ಣದಲ್ಲಿ ಬೇರೆ ಬೇರೆ ಪಾರದರ್ಶಕ ತುಂಡುಗಳ ಮೇಲಿವೆ. ಬೋಳು ಕಕಾರದ ಮೇಲೆ ತಲಕಟ್ಟು ಇಟ್ಟರೆ ಕ. ಅದನ್ನು ತೆಗೆದು ಗುಡಿಸು ಇಟ್ಟರೆ ಕಿ. ತಲಕಟ್ಟನ್ನು ತೆಗೆಯದೆ ಗುಡಿಸು ಇಡಲು ಬರುವುದಿಲ್ಲ ಎಂಬುದನ್ನು ಕೈಯೇ ಕಲಿಯುತ್ತದೆ. ‘ಕ’ದೊಳಗೆ ಒಂದು ಅಕಾರ ಕುಳಿತಿದೆ, ಇಕಾರ ಬರಬೇಕಾದರೆ ಅದು ಎದ್ದುಹೋಗಬೇಕು ಎನ್ನುವ ಮಾತನ್ನು ಕಪ್ಪುಹಲಗೆಯ ಮುಂದೆ ನಿಂತು ಆರು ವರ್ಷದ ಮಗುವಿಗೆ ತಿಳಿಸಿ ನೋಡಿ, ನಿಮ್ಮ ಗಂಟಲು ಒಣಗುತ್ತದೆ. ಇಲ್ಲಿ ಎರಡು ತುಂಡು ಪ್ಲಾಸ್ಟಿಕ್ಕು ಆ ಪಾಠ ಮಾಡುತ್ತವೆ.

ದೀರ್ಘದ ತುಂಡಿನ ಕತೆ ಇನ್ನೂ ಸೊಗಸು. ನನ್ನ ಮೇಜಿನ ಬಳಿ ಕೂತ ಒಬ್ಬ ಹುಡುಗಿ ಕಿ ಮಾಡಿ, ಪಕ್ಕದಲ್ಲಿ ದೀರ್ಘ ಇಟ್ಟು ಕೀ ಎಂದು ಓದಿದಳು. ಗುಡಿಸು ತೆಗೆದು ಎತ್ವ ಇಟ್ಟಳು, ದೀರ್ಘ ಅಲ್ಲೇ ಉಳಿದಿತ್ತು. ಸ್ವಲ್ಪ ಹೊತ್ತು ನೋಡಿ, ನಾನು ಕೇಳುವ ಮೊದಲೇ ಕೇ ಎಂದಳು. ಆಮೇಲೆ ಕೊಗೂ ಅದನ್ನೇ ಅಂಟಿಸಿ ಕೋ ಮಾಡಿದಳು.

“ಟೀಚರ್, ಈ ಬಾಲ ಇಟ್ಟರೆ ಎಲ್ಲವೂ ಉದ್ದ ಆಗುತ್ತದೆ.”

“ಎಲ್ಲವೂ ಆಗುತ್ತದೆಯೇ? ಕು ಮಾಡಿ ನೋಡು.”

ಕುಗೆ ಬಾಲ ಅಂಟಿಸಿ ಓದಲು ನೋಡಿದಳು, ಮುಖ ಸಣ್ಣದು ಮಾಡಿದಳು, ಗೋಡೆಯ ಮೇಲಿನ ಕಾಗುಣಿತದ ಪಟ ನೋಡಿ ಬಂದಳು. “ಕೂಗೆ ಬೇರೆ ಬಾಲ,” ಎಂದಳು. ಅಷ್ಟೇ. ಇ, ಎ, ಒ ಮೂರಕ್ಕೂ ಒಂದೇ ದೀರ್ಘ, ಅ ಮತ್ತು ಉಗಳ ದಾರಿ ಬೇರೆ: ನಮ್ಮ ಲಿಪಿಯ ಈ ಒಳಗಿನ ಕಟ್ಟನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಕ್ಕಳಿಗೆ ಇದು ಕಾಣುವುದೇ ಇಲ್ಲ. ಅವರು ‘ಕೆ ಕೇ ಕೈ’ ಎಂದು ಹಾಡುತ್ತಾ ಸಾಗುತ್ತಾರೆ. ನಡುವಿನಿಂದ ಒಂದನ್ನು ಕಿತ್ತು ತೋರಿಸಿದರೆ ಮತ್ತೆ ಮೊದಲಿನಿಂದ ಹಾಡಿಕೊಂಡು ಬರಬೇಕು.

ಎಲ್ಲ ಅಕ್ಷರಗಳೂ ಈ ಉಪಾಯಕ್ಕೆ ಬಗ್ಗುವುದಿಲ್ಲ. ಜ, ಟ, ಣ, ಬ, ಲಗಳಿಗೆ ತಲಕಟ್ಟೇ ಇಲ್ಲ, ಗುಡಿಸು ಅವುಗಳ ಮೈಯಲ್ಲೇ ಬೆಸೆದುಕೊಳ್ಳುತ್ತದೆ. ಅವುಗಳಿಗೆ ಜಿ, ಟಿ, ಬಿ, ಲಿ ಎಂದು ಪೂರ್ತಿ ಬಿಲ್ಲೆಗಳನ್ನೇ ಕೊಟ್ಟಿದ್ದಾರೆ, ಸರಿ. ಆದರೆ ಪು, ವುಗಳನ್ನು ಮರೆತಿದ್ದಾರೆ. ಈ ಎರಡಕ್ಕೆ ಕೊಂಬು ಪಕ್ಕದಲ್ಲಿ ನಿಲ್ಲದೆ ಕೆಳಗಿಳಿಯುತ್ತದೆ. ಪೆಟ್ಟಿಗೆಯ ಕೊಂಬನ್ನು ವಕಾರದ ಪಕ್ಕಕ್ಕೆ ಇಟ್ಟರೆ ಬಹುತೇಕ ಮ ಆಗಿಬಿಡುತ್ತದೆ. ‘ಹೂವು’ ಎಂದು ಜೋಡಿಸಿದ ಮಗು ಪಕ್ಕದವನಿಂದ ‘ಹೂಮ’ ಎಂದು ಓದಿಸಿಕೊಂಡು ಅತ್ತದ್ದೂ ಆಯಿತು. ಆ ಎರಡು ಬಿಲ್ಲೆಗಳನ್ನು ರಟ್ಟಿನಲ್ಲಿ ನಾನೇ ಕತ್ತರಿಸಿ ಸೇರಿಸಿದ್ದೇನೆ.

ಕೈಮುಗಿಯಬೇಕಾದ ಎರಡನೆಯ ಆಟ ಸದ್ದಿನ ಚೌಕಗಳು. ಒಂದು ಚಿತ್ರ, ಅದರ ಕೆಳಗೆ ಖಾಲಿ ಚೌಕಗಳು, ಪಕ್ಕದಲ್ಲಿ ಒಂದು ಹಿಡಿ ಗುಂಡಿಗಳು. ಪದವನ್ನು ನಿಧಾನವಾಗಿ ಹೇಳುತ್ತಾ ಒಂದೊಂದು ಸದ್ದಿಗೆ ಒಂದೊಂದು ಗುಂಡಿಯನ್ನು ಚೌಕಕ್ಕೆ ತಳ್ಳಬೇಕು. ಅಕ್ಷರ ಎಲ್ಲಿಯೂ ಇಲ್ಲ. ಸೋವಿಯತ್ ಮನೋವಿಜ್ಞಾನಿ ಡ್ಯಾನಿಲ್ ಎಲ್ಕೋನಿನ್ ಅವರ ಹೆಸರಿನಿಂದಲೇ ಜಗತ್ತಿನ ಶಿಕ್ಷಕರು ಇದನ್ನು ಕರೆಯುತ್ತಾರೆ. ನೋಡಲು ಏನೂ ಇಲ್ಲದ ಆಟ, ಮುಚ್ಚಳದ ಮೇಲಿನ ಚಿತ್ರದಲ್ಲಿ ಇದಕ್ಕೆ ಜಾಗವನ್ನೂ ಕೊಟ್ಟಿಲ್ಲ. ಆದರೆ ಯಾವ ಮಗುವಿನ ಕಿವಿ ಎಲ್ಲಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಮರ, ಕಮಲ, ಗರಗಸದವರೆಗೆ ಎಲ್ಲರೂ ಶೂರರು. ‘ಬೆಕ್ಕು’ ಬಂದಾಗ ನಿಜವಾದ ಪಾಠ. ಕಿವಿಗೆ ಕೇಳುವುದು ಬೆಕ್, ಕು. ಬರೆಯುವುದು ಬೆ, ಕ್ಕು. ಮೊದಲ ತುಂಡಿನ ಕೊನೆಯಲ್ಲಿ ಕೇಳಿದ ಕಕಾರವನ್ನು ಲಿಪಿ ಎತ್ತಿಕೊಂಡು ಹೋಗಿ ಎರಡನೆಯ ಅಕ್ಷರದ ಮಡಿಲಿಗೆ ಹಾಕುತ್ತದೆ. ಒತ್ತಕ್ಷರ ಕಷ್ಟ, ಕಷ್ಟ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ಕಷ್ಟದ ಬೇರು ಕೈಬರಹದಲ್ಲಿಲ್ಲ, ಇಲ್ಲಿದೆ. ‘ಬೆಕು’ ಎಂದು ಬರೆಯುವ ಮಗುವಿನ ಕೈ ಸರಿಯಾಗಿಯೇ ಇರುತ್ತದೆ, ನಡುವಿನ ಆ ಒತ್ತು ಎಲ್ಲಿಗೆ ಸೇರಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ. ಕೈಪಿಡಿಯಲ್ಲಿ ಈ ಬಗ್ಗೆ ಚಕಾರವಿಲ್ಲ. ಬೆಕ್ಕಿನ ಚಿತ್ರದ ಕೆಳಗೆ ಎರಡು ಚೌಕ ಹಾಕಿ ಸುಮ್ಮನಾಗಿದ್ದಾರೆ. ನಾನು ಎರಡು ಚೌಕಗಳ ನಡುವೆ ಗೆರೆಯ ಮೇಲೆಯೇ ಒಂದು ಚಿಕ್ಕ ಗುಂಡಿ ಇಡಿಸುತ್ತೇನೆ. ಬರೆಯುವಾಗ ಆ ಗುಂಡಿ ಬಲಗಡೆಯ ಚೌಕದ ಕೆಳಗೆ ಇಳಿಯುತ್ತದೆ. ಅಕ್ಕ, ಹಣ್ಣು, ಎಮ್ಮೆ, ಕತ್ತೆ ಎಲ್ಲಕ್ಕೂ ಇದೇ ಕ್ರಮ.

ಅರ್ಕಾವೊತ್ತು ಮಾತ್ರ ಪೆಟ್ಟಿಗೆಯಲ್ಲಿ ಎಲ್ಲಿಯೂ ಇಲ್ಲ. ‘ಸೂರ್ಯ’ದ ಚಿತ್ರ ಇದೆ, ಬಿಲ್ಲೆಗಳಿಂದ ಆ ಪದವನ್ನು ಜೋಡಿಸಲು ಆಗುವುದಿಲ್ಲ! ಮೊದಲು ಉಚ್ಚರಿಸಿ ಆಮೇಲೆ ಬರೆಯುವ ಆ ರಕಾರ ಎರಡನೆಯ ತರಗತಿಯ ಮಕ್ಕಳಿಗೆ ದೊಡ್ಡ ಗೊಂದಲ. ಕರ್ಮ, ಕ್ರಮಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ತೋರಿಸುವ ಒಂದು ಜೋಡಿಯಾದರೂ ಬೇಕಿತ್ತು.

ಇನ್ನು ಮುಚ್ಚಳವನ್ನು ಅಲಂಕರಿಸಿರುವ, ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಚಿತ್ರ–ಪದ ಜೋಡಿ ಕಾರ್ಡುಗಳು. ಮುದ್ರಣ ಬಹಳ ಚಂದ. ಚಿತ್ರ ಒಂದು ತುಂಡಿನಲ್ಲಿ, ಪದ ಇನ್ನೊಂದರಲ್ಲಿ, ಸರಿಯಾದ ಜೋಡಿ ಮಾತ್ರ ಕಚ್ಚಿಕೊಳ್ಳುವಂತೆ ಅಂಚು ಕತ್ತರಿಸಿದ್ದಾರೆ. ‘ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ’ ಎಂದು ಕೈಪಿಡಿ ಹೆಮ್ಮೆಪಡುತ್ತದೆ. ಮಗು ಮಾಡುವುದೇನು ಗೊತ್ತೇ? ಅಂಚು ನೋಡುತ್ತದೆ. ನಮ್ಮ ತರಗತಿಯ ಇಬ್ಬರು ಹುಡುಗರು ಕಾರ್ಡುಗಳನ್ನೆಲ್ಲ ಮಗುಚಿ ಹಾಕಿ, ಬಿಳಿಯ ಬೆನ್ನು ಮೇಲಾಗಿರುವಂತೆಯೇ ಇಡೀ ಕಟ್ಟನ್ನು ಜೋಡಿಸಿ ಮುಗಿಸಿದರು, ಅದೂ ಚಿತ್ರ ನೋಡಿ ಆಡುತ್ತಿದ್ದವರಿಗಿಂತ ಬೇಗ. ಒಂದು ಅಕ್ಷರವನ್ನೂ ನೋಡದೆ ಗೆಲ್ಲಬಹುದಾದ ಆಟವನ್ನು ಓದಿನ ಆಟ ಎಂದು ಹೇಗೆ ಕರೆಯುವುದು? ಕತ್ತರಿ ತೆಗೆದುಕೊಂಡು ಅಂಚುಗಳನ್ನು ನೇರ ಮಾಡಿದ ಮೇಲೆ ಅದಕ್ಕೆ ಸ್ವಲ್ಪ ಮರ್ಯಾದೆ ಬಂತು. ಆಗಲೂ ಒಂದು ತೊಂದರೆ ಉಳಿಯಿತು. ಜೊತೆಗಿಟ್ಟ ಪದಗಳು ಒಂದಕ್ಕೊಂದು ತೀರಾ ದೂರ: ಆನೆ, ಇಲಿ, ಛತ್ರಿ. ಮೊದಲಕ್ಷರ ಕಂಡರೆ ಸಾಕು, ಉಳಿದದ್ದು ಊಹೆ. ಅದೇ ಬಳೆ, ಬೆಳೆ, ಬಲೆ ಮೂರನ್ನೂ ಒಟ್ಟಿಗೆ ಇಟ್ಟರೆ ಊಹೆಗೆ ಜಾಗವಿಲ್ಲ, ಒಳಗಿನವರೆಗೆ ಓದಲೇಬೇಕು. ಹೀಗೆ ಹತ್ತಿರದ ಪದಗಳ ಗುಂಪುಗಳನ್ನು ಮಾಡಿಕೊಟ್ಟಿದ್ದರೆ ಅರ್ಧ ಡಜನ್ ಕಾರ್ಡುಗಳಲ್ಲೇ ಮುಗಿಯುವ ಕೆಲಸವಿತ್ತು.

ಬಿಂಗೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗದ್ದಲ ಬಹಳ, ಓದು ಅಲ್ಪ. ಅಕ್ಷರ ಕೂಗುವವರು ಮಕ್ಕಳೇ ಆಗಿದ್ದರೆ ಕೂಗುವ ಮಗುವಿಗೆ ಮಾತ್ರ ಲಾಭ. ಹಾಗಾಗಿ ಸರದಿಯ ಮೇಲೆ ಕೂಗಿಸಿ.

ಉಜ್ಜುಕಾಗದದ ಅಕ್ಷರಗಳು ಹಳೆಯ, ಗಟ್ಟಿ ವಿಚಾರ. 1907ರಲ್ಲಿ ರೋಮಿನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ ಅವರ ಕಾಲದಿಂದ ಬಂದದ್ದು. ಬೆರಳಿನಿಂದ ಅಕ್ಷರವನ್ನು ಸವರುತ್ತಾ ಸದ್ದನ್ನು ಹೇಳುವುದು ಅದರ ತಿರುಳು. ಇಲ್ಲಿನ ಕಾಗದದ ಒರಟುತನ ಹದವಾಗಿದೆ, ಗಾತ್ರವೂ ಸರಿ. ಆದರೆ ಎಲ್ಲಿಂದ ಶುರುಮಾಡಬೇಕು ಎಂಬ ಗುರುತಿಲ್ಲ. ಕನ್ನಡದ ದುಂಡು ಅಕ್ಷರಗಳಲ್ಲಿ ಗುರುತು ಇಲ್ಲದಿದ್ದರೆ ಮಗು ಎಲ್ಲಿ ಬೇಕಾದರೂ ಬೆರಳಿಟ್ಟು ಸುತ್ತುತ್ತದೆ. ಒಂದು ಕೆಂಪು ಚುಕ್ಕೆ ಹಾಕಿಕೊಂಡರೆ ಸಾಕು. ಅಕ್ಷರಗಳನ್ನು ಅ ಆ ಇ ಈ ಕ್ರಮದಲ್ಲಿ ತೆಗೆಯುವ ಅಗತ್ಯವೂ ಇಲ್ಲ. ರ, ಗ, ಸ, ದ, ಅ ಈ ಐದನ್ನು ಮೊದಲು ಕೊಡಿ. ಬರೆಯಲು ಸುಲಭ, ಅಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಓದಲು ಸಿಗುತ್ತವೆ. ಡಾಮಿನೊದಲ್ಲೂ ಇದೇ ಐದರ ಪದಗಳನ್ನು ಆರಿಸಿಕೊಂಡೆ. ಅರಸ ಎಂದ ಮೇಲೆ ಸರ, ಸರ ಎಂದ ಮೇಲೆ ರಸ. ಅಂತ್ಯಾಕ್ಷರಿಯ ಕಟ್ಟು ಅದು, ಹೇಳಿಕೊಡಬೇಕಾದದ್ದೇ ಇಲ್ಲ.

ಈಗ ಮೂಲೆಗಳ ವಿಷಯ. ಕೈಪಿಡಿಯ ಪ್ರಕಾರ ತರಗತಿಯಲ್ಲಿ ಐದು ಮೂಲೆಗಳು, ಮರಳು ಗಡಿಯಾರ ಖಾಲಿಯಾದಾಗಲೆಲ್ಲ ಗುಂಪುಗಳು ಮುಂದಿನ ಮೂಲೆಗೆ ಹೋಗಬೇಕು, ಶಿಕ್ಷಕರು ‘ಎಲ್ಲ ಮೂಲೆಗಳನ್ನೂ ಸುತ್ತುತ್ತಾ ಮಾರ್ಗದರ್ಶನ ಮಾಡಬೇಕು’. ಬರೆದವರು ಐದು ಗುಂಪು ಮಕ್ಕಳ ನಡುವೆ ಒಮ್ಮೆ ನಿಂತು ನೋಡಬೇಕಿತ್ತು. ಸುತ್ತುವ ಶಿಕ್ಷಕಿಗೆ ಯಾವ ಮಗು ಯಾವ ಅಕ್ಷರದಲ್ಲಿ ತಡವರಿಸಿತು ಎಂದು ಕಾಣುವುದಿಲ್ಲ, ಯಾರು ಯಾರ ಗುಂಡಿ ಕಸಿದುಕೊಂಡರು ಎಂಬುದಷ್ಟೇ ಕಾಣುತ್ತದೆ. ಮರಳು ಗಡಿಯಾರವಂತೂ ಸ್ವತಃ ಆರನೆಯ ಮೂಲೆಯಾಯಿತು. ಒಂದು ಗುಂಪು ಪೂರ್ತಿ ಮರಳು ಸುರಿಯುವುದನ್ನೇ ನೋಡುತ್ತಾ ಕೂತಿತ್ತು. ಅದನ್ನು ಎತ್ತಿಟ್ಟು ಚಪ್ಪಾಳೆಗೆ ಬದಲಾಯಿಸಿದೆ.

ನನ್ನ ಏರ್ಪಾಡು ಇಷ್ಟೇ. ಮೂಲೆಗಳು ಮೂರು, ಅವುಗಳಲ್ಲಿ ಒಂದು ನನ್ನ ಮೇಜು, ಅಲ್ಲಿಂದ ನಾನು ಏಳುವುದಿಲ್ಲ. ನಾಲ್ಕೈದು ಮಕ್ಕಳು ನನ್ನೆದುರು ಕೂತು ಸದ್ದಿನ ಚೌಕ, ಕಾಗುಣಿತದ ಹಾಳೆ ಆಡುತ್ತಾರೆ. ಉಳಿದ ಎರಡು ಮೂಲೆಗಳಿಗೆ ಹೋಗುವುದು ಮಕ್ಕಳಿಗೆ ನೀರು ಕುಡಿದಷ್ಟು ಸಲೀಸಾಗಿರುವ ಆಟಗಳು ಮಾತ್ರ. ಹೊಸ ಆಟ ಮೊದಲು ನನ್ನ ಮೇಜಿನಲ್ಲಿ ಹಳತಾಗಬೇಕು, ಆಮೇಲೆ ಮೂಲೆಗೆ. “ಟೀಚರ್, ಮುಗಿಯಿತು, ಈಗ ಏನು ಮಾಡಲಿ?” ಎಂದು ಯಾರೂ ನನ್ನ ಬಳಿ ಓಡಿಬರುವಂತಿಲ್ಲ. ಮೊದಲು ಜೊತೆಯವರನ್ನು ಕೇಳಬೇಕು, ಅವರಿಗೂ ಗೊತ್ತಿಲ್ಲದಿದ್ದರೆ ಪುಸ್ತಕ ತೆಗೆದುಕೊಂಡು ಕೂರಬೇಕು. ಈ ನಿಯಮ ಮೈಗೂಡಲು ಸಮಯ ಹಿಡಿಯಿತು. ಮೈಗೂಡಿದ ಮೇಲೆ ಪೆಟ್ಟಿಗೆ ನಿಜಕ್ಕೂ ಕೆಲಸ ಮಾಡತೊಡಗಿತು.

ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ ಕೊಟ್ಟ ವರದಿಯೂ ಸದ್ದುಗಳನ್ನು ಬಿಡಿಸಿ ಕೇಳುವ ಅಭ್ಯಾಸ ಸಣ್ಣ ಗುಂಪಿನಲ್ಲಿ ಹೆಚ್ಚು ಫಲ ಕೊಡುತ್ತದೆ, ಅಕ್ಷರಗಳ ಜೊತೆ ಸೇರಿಸಿ ಮಾಡಿದರೆ ಇನ್ನೂ ಹೆಚ್ಚು ಎಂದು ಹೇಳಿತ್ತು. ಅದು ಇಂಗ್ಲಿಷ್ ಓದಿನ ಮಾತು, ಪೂರ್ತಿಯಾಗಿ ಇಲ್ಲಿಗೆ ಎತ್ತಿ ತರಲಾಗದು. ಕನ್ನಡದ ಮಕ್ಕಳನ್ನೇ ನೋಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಹತ್ತಿರದ್ದು. ನಮ್ಮ ಅಕ್ಷರಗಳ ಪರಿಚಯ ಇಂಗ್ಲಿಷಿನ 26 ಅಕ್ಷರಗಳಂತೆ ಬೇಗ ಮುಗಿಯದೆ ವರ್ಷಗಟ್ಟಲೆ ಮುಂದುವರಿಯುತ್ತದೆ, ಅಕ್ಷರದೊಳಗಿನ ಬಿಡಿ ಸದ್ದುಗಳ ಅರಿವೂ ನಿಧಾನವಾಗಿಯೇ ಬರುತ್ತದೆ ಎಂದು ಅದು ತೋರಿಸಿತು. ಹಾಗಿರುವಾಗ ‘ಮೂರು ತಿಂಗಳಲ್ಲಿ ಸರಾಗ ಓದು’ ಎಂಬ ಮುಚ್ಚಳದ ಮೇಲಿನ ಮಾತನ್ನು ತಯಾರಕರು ಯಾವ ಧೈರ್ಯದಿಂದ ಅಚ್ಚು ಹಾಕಿದರೋ!

ಇಡೀ ಪೆಟ್ಟಿಗೆಯಲ್ಲಿ ಒಂದು ವಾಕ್ಯವೂ ಇಲ್ಲ, ಇದು ನನ್ನ ಅತಿ ದೊಡ್ಡ ತಕರಾರು. ಎಲ್ಲ ಆಟಗಳೂ ಪದಕ್ಕೆ ಬಂದು ನಿಲ್ಲುತ್ತವೆ. ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಓದನ್ನು ಎರಡು ಅಂಶಗಳ ಗುಣಲಬ್ಧ ಎಂದರು: ಅಕ್ಷರ ಬಿಡಿಸುವ ಶಕ್ತಿ, ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ. ಒಂದು ಸೊನ್ನೆಯಾದರೆ ಲಬ್ಧವೂ ಸೊನ್ನೆ. ಪೆಟ್ಟಿಗೆ ಮೊದಲನೆಯದಕ್ಕೆ ಎಲ್ಲವನ್ನೂ ಸುರಿದು ಎರಡನೆಯದನ್ನು ಮುಟ್ಟಿಯೇ ಇಲ್ಲ. ನಾನು ರಟ್ಟಿನ ಪಟ್ಟಿಗಳಲ್ಲಿ ‘ಅಗಸನ ಗರಗಸ ಅರಸನ ಸರ ಕಡಿಯಿತು’ ಎಂಬಂಥ ತಲೆಹರಟೆ ವಾಕ್ಯಗಳನ್ನು ಬರೆದಿಟ್ಟಿದ್ದೇನೆ. ಮಕ್ಕಳು ಓದುತ್ತಾರೆ, ನಗುತ್ತಾರೆ, ಅಗಸನಿಗೆ ಗರಗಸ ಯಾಕೆ ಬೇಕಿತ್ತು ಎಂದು ಕೇಳುತ್ತಾರೆ. ಹಾಗೆ ಕೇಳಿದ ಮಗು ಅರ್ಥ ಮಾಡಿಕೊಂಡು ಓದಿದೆ ಎಂದು ನನಗೆ ಗೊತ್ತಾಗುತ್ತದೆ.

ಮನೆಯಲ್ಲಿ ಒಂದೇ ಮಗುವಿಗಾಗಿ ಕೊಳ್ಳುವವರಿಗೆ ಇಡೀ ಪೆಟ್ಟಿಗೆ ಬೇಡ. ಗುಂಡಿ ಮತ್ತು ಚೌಕಗಳನ್ನು ಕಾಗದದ ಮೇಲೆ ಗೆರೆ ಎಳೆದು ನೀವೇ ಮಾಡಿಕೊಳ್ಳಬಹುದು. ಕಾಗುಣಿತದ ಹಾಳೆಗಳು ಬಿಡಿಯಾಗಿ ಸಿಕ್ಕರೆ ಕೊಳ್ಳಿ. ತರಗತಿಗೆ ಕೊಳ್ಳುವ ಶಿಕ್ಷಕರು ಧಾರಾಳವಾಗಿ ಕೊಳ್ಳಬಹುದು, ಕತ್ತರಿ, ರಟ್ಟು ಮತ್ತು ಕೆಂಪು ಪೆನ್ನು ಜೊತೆಗಿರಲಿ. ಇನ್ನೂ ಮಾತು ಚೆನ್ನಾಗಿ ಬಾರದ ಚಿಕ್ಕ ಮಕ್ಕಳಿಗೆ ಇದನ್ನು ಕೊಡಬೇಡಿ. ಅವರಿಗೆ ಬೇಕಾದದ್ದು ಕತೆ ಮತ್ತು ಹಾಡು, ಗುಂಡಿಗಳು ಬಾಯಿಗೆ ಹೋಗುವ ಭಯ ಬೇರೆ.

ಬಾಳಿಕೆಯ ಮಾತು ಹೇಳಿ ಮುಗಿಸುತ್ತೇನೆ. ರಟ್ಟಿನ ಬಿಲ್ಲೆಗಳು ಗಟ್ಟಿಯಾಗಿವೆ, ಡಾಮಿನೊದ ಮೂಲೆಗಳೂ ಸವೆದಿಲ್ಲ. ಪಾರದರ್ಶಕ ತುಂಡುಗಳು ಮಾತ್ರ ಬೆವರಿದ ಅಂಗೈಗೆ ಅಂಟಿಕೊಂಡು, ನೋಟ್‌ಪುಸ್ತಕದ ಹಾಳೆಗಳ ನಡುವೆ ಸೇರಿ, ಕಸದ ಜೊತೆ ಗುಡಿಸಿಕೊಂಡು ಹೋಗುತ್ತವೆ. ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ದೀರ್ಘ, ಏಕೆಂದರೆ ಹೆಚ್ಚು ಬಳಕೆಯಾಗುವುದೂ ಅದೇ. ಬಿಡಿ ತುಂಡುಗಳನ್ನು ಮಾರುವುದಿಲ್ಲ, ಹೊಸ ಪೆಟ್ಟಿಗೆಯನ್ನೇ ಕೊಳ್ಳಿ ಎಂದು ತಯಾರಕರು ಹೇಳುತ್ತಾರೆ. ಪಾರದರ್ಶಕ ಹಾಳೆ ತಂದು, ಅಳಿಸಿಹೋಗದ ಕೆಂಪು ಪೆನ್ನಿನಲ್ಲಿ ದೀರ್ಘ ಬರೆದು, ಕತ್ತರಿಸಿ ಒಂದು ಡಬ್ಬಿ ತುಂಬ ಮಾಡಿಟ್ಟುಕೊಳ್ಳಿ. ತುಂಡಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ತಲೆಕೆಳಗಾಗಿ ಇಡುವ ಗೊಂದಲವೂ ತಪ್ಪುತ್ತದೆ.